ಅತ್ತೆಯ ಜಾಲಿನ ಆಕಾಶ

ಕಳುದ ಸರ್ತಿ ಮೆಡಿ ಉಪ್ಪಿನಕಾಯಿಯ ಶುದ್ದಿ ಬರದಪ್ಪಗ, ಇನ್ನಾಣ ಸರ್ತಿ ಅಟ್ಟುಂಬೊಳಂದ ಹೆರ ಬತ್ತೆ, ಆಕಾಶದ ಶುದ್ದಿ ಹೇಳ್ತೆ ಹೇದಿತ್ತಿದ್ದೆ. ಅದರ ಓದಿಕ್ಕಿ ಎರಡು ಮೂರು ಜೆನ ಫೋನು ಮಾಡಿದವು. “ಎಂತ ಅಕ್ಕಾ, ಜಾತಕ ನೋಡ್ಲೆ ಸುರು ಮಾಡಿದೆಯೋ?” ಕೇಳಿತ್ತು ಒಂದು. ಅಲ್ಲಪ್ಪಾ. ಇದು ಕಂಪ್ಯೂಟರಿಲಿ ಆಕಾಶ ತೋರುಸುವ ಒಂದು ಸಾಫ್ಟ್‌ವೇರಿನ ಶುದ್ದಿ. ಸ್ಟೆಲ್ಲೇರಿಯಮ್ ಹೇಳಿ ಅದರ ಹೆಸರು.

ಎಂಗಳ ಅತ್ತೆಯ ನಿಂಗೊಗೆಲ್ಲ ಗೊಂತಿದ್ದನ್ನೆ. 85 ವರ್ಷ. ಊರಿನ ಮನೆ ಈಗ ಮೈದುನನ ಪಾಲಿಂಗೆ ಹೋಯಿದು, ಮೊಳಪ್ಪು ಬೇನೆ ಹೇದು ಅತ್ತೆ ಮೂರು ವರ್ಷಂದ ಮಂಗಳೂರಿಲಿ ಎಂಗಳೊಟ್ಟಿಂಗೆ ಫ್ಲ್ಯಾಟಿಲಿ ಇದ್ದವು. ಅವಕ್ಕೆ ಇಲ್ಲಿ ಊಟಕ್ಕೆ ತೊಂದರೆ ಇಲ್ಲೆ, ಮದ್ದಿಂಗೆ ತೊಂದರೆ ಇಲ್ಲೆ. ಆದರೆ ಆಕಾಶ ಇಲ್ಲೆ. ಬಾಲ್ಕನಿಲಿ ನಿಂದರೆ ಎದುರಾಣ ಕಟ್ಟಡದ ನೀರಿನ ಟ್ಯಾಂಕಿ ಕಾಣ್ತು, ಅದರ ಮೇಗೆ ಕೆಂಪು ಬೆಣಚ್ಚಿನ ಹೊಗೆ ಹಾಂಗಿಪ್ಪದು ಕಾಣ್ತು. ಊರಿಲಿ ಇಪ್ಪಗ ಇರುಳು ಉಂಡಿಕ್ಕಿ ಜಾಲಿಲಿ ಒಂದರಿ ನಿಂದು ಮೇಗೆ ನೋಡದ್ದೆ ಮನುಗಿದ ಹೆಮ್ಮಕ್ಕೊ ಅಲ್ಲ ಅವು. ಕೃತ್ತಿಕೆ, ರೋಹಿಣಿ, ಮೃಗಶಿರೆ, ಚಿತ್ತೆ, ಎಲ್ಲವನ್ನೂ ಅಡಕ್ಕೆ ಮರದ ಗುರ್ತಿಲಿ ಹೇಳುಗು. ಪಂಚಾಂಗ ಓದಿ ಕಲ್ತದಲ್ಲ, ಅವರ ಅಜ್ಜಿ ತೋರಿಸಿಕೊಟ್ಟದು. ಕಣ್ಣಿನ ಪೊರೆ ತೆಗೆಸಿ ಆಯಿದು, ಆದರೂ ಸಣ್ಣ ನಕ್ಷತ್ರಂಗೊ ಈಗ ಅವಕ್ಕೆ ಕಾಣ್ತಿಲ್ಲೆ.

ಎನ್ನ ಮಗ° ಬೆಂಗಳೂರಿಲಿ ಸಾಫ್ಟ್‌ವೇರು ಕೆಲಸಲ್ಲಿ ಇಪ್ಪದು. ಶೆನಿವಾರ ಬಂದರೆ ಆಫೀಸಿನ ಲ್ಯಾಪ್‌ಟಾಪು ಮಡಗಿ, ಅವನ ಹಳೇ ಲ್ಯಾಪ್‌ಟಾಪು ಬಿಡುಸಿ ಕೂರ್ತ°. ಅದುವೇ ಈ ಸ್ಟೆಲ್ಲೇರಿಯಮ್ಮಿನ ಮರುಳು. “ಎಷ್ಟು ಕೊಡ್ತವಡ ಅದಕ್ಕೆ?” ಹೇದು ನೆರೆಕರೆಯವು ಕೇಳಿದವು. ಎಂತದೂ ಕೊಡ್ತವಿಲ್ಲೆ. ಎಂಗಳ ಯಜಮಾನರಿಂಗೆ ಅದೇ ಸಮಸ್ಯೆ. “ಸಂಬಳ ಇಲ್ಲದ್ದ ಕೆಲಸಕ್ಕೆ ಇಷ್ಟು ಒರಕ್ಕು ಕೆಡುಸೆಕೋ” ಹೇಳುಗು. ಆನು ಎಂತದೂ ಹೇಳ್ಲೆ ಹೋಯಿದಿಲ್ಲೆ. ಮೂವತ್ತು ವರ್ಷ ಸಂಬಳ ಇಲ್ಲದ್ದೆ ದೋಸೆ ಎರದೋಳು ಆನು ಎಂತ ಹೇಳ್ಲಿ!

ಮಗನತ್ರೆ ಕೇಳಿ ಕೇಳಿ ಎನಗೆ ಗೊಂತಾದ್ದರ ಹೇಳ್ತೆ. ಇದರ ಸುರು ಮಾಡಿದ್ದು ಫ್ರಾನ್ಸಿನ ಫಾಬಿಯಾಂ ಶೆರೋ ಹೇಳ್ತ ಪ್ರೋಗ್ರಾಮರು, 2000ನೇ ಇಸವಿಯ ಬೇಸಗೆಲಿ. ಆರೂ ಮಾಡು ಹೇಳಿದ್ದಲ್ಲ. ಕಂಪ್ಯೂಟರಿನ ಪರದೆಲಿ ಆಕಾಶವ ಕಣ್ಣಿಂಗೆ ಕಂಡ ಹಾಂಗೇ ತೋರುಸೆಕ್ಕು ಹೇದು ಆಶೆ, ಅಷ್ಟೆ. ಬರೀ ಕಪ್ಪು ಕಾಗದಲ್ಲಿ ಬಿಳಿ ಬೊಟ್ಟು ಅಲ್ಲ. ಹೊತ್ತು ಮುಳುಗುವಗ ಆಕಾಶ ಕೆಂಪಾಯೆಕ್ಕು, ಮತ್ತೆ ನೀಲಿ, ಮತ್ತೆ ಒಂದೊಂದೇ ನಕ್ಷತ್ರ ಮಿಣುಕೆಕ್ಕು, ಚಂದ್ರ ಬಂದರೆ ಸಣ್ಣವು ಮಾಸೆಕ್ಕು. ಅದರ ಚೆಂದ ನೋಡಿ ಲೋಕದ ಬೇರೆ ಬೇರೆ ಹೊಡೆಂದ ಜೆನ ಸೇರಿದವು. ಈಗ ಅದರ ಮುಖ್ಯವಾಗಿ ನೋಡಿಗೊಂಬವು ಇಬ್ರು, ಸೈಬೀರಿಯಾದ ಬರ್ನೌಲ್ ಹೇಳ್ತ ಊರಿನ ಅಲೆಕ್ಸಾಂಡರ್ ವುಲ್ಫ್, ವಿಯೆನ್ನಾದ ಜಾರ್ಜ್ ಝೊಟ್ಟಿ. ಈ ಝೊಟ್ಟಿಯ ಕೆಲಸ ಕೇಳಿರೆ ನಿಂಗೊಗೆ ಕುಶಿ ಅಕ್ಕು: ಹಳೇ ಕಾಲದವು ಕಟ್ಟಿದ ಕಲ್ಲು-ಕಟ್ಟೋಣಂಗೊ ಸೂರ್ಯ ಮೂಡುವ ದಿಕ್ಕಿಂಗೋ, ನಕ್ಷತ್ರದ ದಿಕ್ಕಿಂಗೋ ಮೋರೆ ಮಾಡಿದ್ದೋ ಹೇದು ಹುಡ್ಕುದು. ಅದಕ್ಕೆ ಬೇಕಾದ ಸಲಕರಣೆಗಳ ಇದರೊಳವೇ ಸೇರ್ಸಿದ್ದವು.

ನಕ್ಷತ್ರದ ಲೆಕ್ಕ ಕೇಳಿ. ಸುರುವಿಂಗೆ ಇಳಿಸಿಗೊಂಬಗಳೇ 6 ಲಕ್ಷಂದ ಮೇಗೆ ನಕ್ಷತ್ರ ಇರ್ತು. ಬೇಕಾರೆ ಹೆಚ್ಚಿಗೆ ಪಟ್ಟಿ ಇಳಿಸಿಗೊಂಬಲಕ್ಕು, ಅಂಬಗ 17 ಕೋಟಿಂದಲೂ ಮೇಗೆ. ಲಾಯ್ಕ ಕಸ್ತಲೆ ಇಪ್ಪ ಜಾಗೆಲಿ ಬರೀ ಕಣ್ಣಿಂಗೆ ಒಂದು ಹೊತ್ತಿಲಿ ಕಾಂಬದು ಎರಡು ಮೂರು ಸಾವಿರ. ಈ ನಕ್ಷತ್ರಂಗಳ ಜಾಗೆ ಎಲ್ಲಿಂದ ಸಿಕ್ಕಿತ್ತು? ಯುರೋಪಿನವು 1989ರಲ್ಲಿ ಹಿಪ್ಪಾರ್ಕಸ್ ಹೇಳ್ತ ಉಪಗ್ರಹ ಹಾರ್ಸಿ, 1,18,000 ನಕ್ಷತ್ರಂಗೊ ಎಲ್ಲೆಲ್ಲಿ ಇದ್ದು ಹೇದು ಅಳದು, 1997ರಲ್ಲಿ ಪಟ್ಟಿ ಪ್ರಕಟ ಮಾಡಿದವು. ಆರು ಬೇಕಾರೂ ತೆಕ್ಕೊಂಬಲಕ್ಕು. ಗ್ರಹಂಗಳ ಲೆಕ್ಕಾಚಾರದ ಸೂತ್ರ ಪ್ಯಾರಿಸಿನ ಗಣಿತದವು ಮಾಡಿ ಮಡಗಿದ್ದು. ಹಾಂಗಾಗಿ ಧರ್ಮಕ್ಕೆ ಕೊಟ್ಟದರ ಮೇಗೆ ಧರ್ಮಕ್ಕೆ ಕಟ್ಟಿದ್ದು ಹೇಳಿ ಆತಿಲ್ಲೆಯೋ?

ಎನಗೆ ನೆಗೆ ಬಂದದು ಒಂದು ವಿಷಯಕ್ಕೆ. ಸಾಫ್ಟ್‌ವೇರಿಂಗೆ ನಂಬ್ರ ಇರ್ತಡ. ಪೂರ್ತಿ ಆದಪ್ಪಗ 1.0 ಹೇಳುದು. ಇವು 2000ಲ್ಲಿ ಸುರು ಮಾಡಿ, ಲೋಕ ಇಡೀ ಮಕ್ಕೊ, ಮಾಷ್ಟ್ರಕ್ಕೊ, ತಾರಾಲಯದವು ಉಪಯೋಗಿಸಿಗೊಂಡಿದ್ದರೂ, ಸೊನ್ನೆ ಪಾಯಿಂಟು ಅಷ್ಟು, ಸೊನ್ನೆ ಪಾಯಿಂಟು ಇಷ್ಟು ಹೇಳಿಯೊಂಡೇ ಇತ್ತಿದ್ದವು. 1.0 ಹೇಳಿ ಹೆಸರು ಮಡಗಿದ್ದು 2022ರ ಅಕ್ಟೋಬರ 1ಕ್ಕೆ. ಇಪ್ಪತ್ತೆರಡು ವರ್ಷ! “ಇನ್ನು ರಜ್ಜ ಬೇಯೆಕ್ಕು” ಹೇದು ಇಪ್ಪತ್ತೆರಡು ವರ್ಷ ಒಲೆಂದ ಪಾತ್ರ ಇಳಿಶದ್ದ ಅಡಿಗೆಯವು.

ಓಪನ್ ಸೋರ್ಸ್ ಹೇಳಿರೆ ಎಂತ ಹೇದು ಆನು ಮಗನತ್ರೆ ಮೂರು ಸರ್ತಿ ಕೇಳಿದ್ದೆ. ಸಾಫ್ಟ್‌ವೇರು ಬಿಟ್ಟಿ ಸಿಕ್ಕುತ್ತು ಹೇಳುದು ಅದರ ಅರ್ಥ ಅಲ್ಲ. ಬಿಟ್ಟಿ ಸಿಕ್ಕುದು ಎಷ್ಟೋ ಇದ್ದು, ಕ್ರಮ ಹೇಳಿ ಕೊಡ್ತವಿಲ್ಲೆ. ಇಲ್ಲಿ ಮಾಡಿದ ಕ್ರಮವೇ ಎದುರು ಇರ್ತು. ನೋಡ್ಲಕ್ಕು, ಬದಲುಸಲಕ್ಕು, ಇನ್ನೊಬ್ಬಂಗೆ ಕೊಡ್ಲಕ್ಕು. ಒಂದೇ ಕಟ್ಟುಪಾಡು: ಬದಲುಸಿ ಇನ್ನೊಬ್ಬಂಗೆ ಕೊಡುವಗ ನಿನ್ನ ಕ್ರಮವನ್ನೂ ಹಾಂಗೇ ಮುಚ್ಚದ್ದೆ ಕೊಡೆಕ್ಕು. ಎನಗೆ ಕೂಡ್ಲೇ ಹೆಪ್ಪಿನ ನೆಂಪಾತು. ಆಚಮನೆಂದ ಹೆಪ್ಪು ತಂದು ಮಸರು ಮಾಡ್ತು, ನಾಳಂಗೆ ಆರಾರು ಗಿಣ್ಣಾಲು ಹಿಡ್ಕೊಂಡು ಬಂದರೆ ಇಲ್ಲೆ ಹೇಳ್ಲಾಗ. ಎಂಗಳ ಮನೆಯ ಮಸರು ಏವ ಅಜ್ಜಿಯ ಕಾಲದ ಹೆಪ್ಪಿನದ್ದೋ, ಆರಿಂಗೆ ಗೊಂತು! ಮಗಂಗೆ ಹೇಳಿದೆ. ಅವ° ರಜ್ಜ ಹೊತ್ತು ಆಲೋಚನೆ ಮಾಡಿ “ಅಪ್ಪಬ್ಬೆ, ಹಾಂಗೇ” ಹೇಳಿದ°.

ಪೈಸೆಯ ಮಾತು ಇಲ್ಲವೇ ಇಲ್ಲೆ ಹೇಳ್ಲೆಡಿಯ. ಶೆರೋ ಯುರೋಪಿನ ದೊಡ್ಡ ದೂರದರ್ಶಕ ಸಂಸ್ಥೆಲಿ ಎಂಜಿನಿಯರು ಆಗಿ ಕೆಲಸ ಮಾಡಿದ್ದವು. ಅಲ್ಲಿಯ ಫೋಟೋ ಭಂಡಾರ ಹುಡ್ಕುವ ಒಂದು ಸಲಕರಣೆಯ ಇದರ ಮೇಗೆಯೇ ಕಟ್ಟಿದವು. ಮೊಬೈಲಿನ ಆವೃತ್ತಿಗೆ ಬೇರೆ ಕಂಪೆನಿ ಇದ್ದು, ಹೆಚ್ಚಿನ ಸೌಕರ್ಯಕ್ಕೆ ಅದರಲ್ಲಿ ಪೈಸೆ ಕೊಡೆಕ್ಕು. ಎನಗೆ ಅದು ತಪ್ಪು ಹೇಳಿ ಕಂಡತ್ತಿಲ್ಲೆ. ಮನೆ ನೆಡೆಯೆಕನ್ನೆ. ಕಂಪ್ಯೂಟರಿಂಗಿಪ್ಪದು ಮಾಂತ್ರ ಈಗಳೂ ಧರ್ಮಕ್ಕೇ.

ಇನ್ನು ಎಂಗಳ ಮನೆಯ ಶುದ್ದಿ. ಇದರ ಸುರುವಿಂಗೆ ಬಿಡುಸುವಗ ಪ್ಯಾರಿಸಿನ ಆಕಾಶ, ಕೆಳ ಗೆರೆಂ ಹೇಳ್ತ ಫ್ರಾನ್ಸಿನ ಹಳ್ಳಿಯ ಮರಂಗೊ, ಮನೆಗೊ. ಅತ್ತೆಗೆ ತೋರಿಸಿದಪ್ಪಗ “ಇದಾರ ಜಾಲು?” ಕೇಳಿ ಮೋರೆ ತಿರುಗಿಸಿದವು. ನಮ್ಮ ಬೇಕಾದ ಜಾಗೆಯ ಫೋಟೋ ಹಾಕುಲೆ ಅದರಲ್ಲಿ ದಾರಿ ಇದ್ದು. ಮಗ° ಊರಿಂಗೆ ಹೋಗಿ, ಜಾಲಿನ ನೆಡುಕೆ ತೊಳಶಿಕಟ್ಟೆ ಹತ್ರೆ ನಿಂದು, ಸುತ್ತ ತಿರುಗಿ ಫೋಟೋ ತೆಗದ°. ಅದರ ಎಲ್ಲ ಜೋಡುಸಿ, ಆಕಾಶದ ಭಾಗವ ಕತ್ತರುಸಿ ತೆಗದು ಹಾಕಿದ°. ಅದಕ್ಕೇ ಎರಡು ಶೆನಿವಾರ ಹೋತು. ಅಡಕ್ಕೆ ಮರದ ತಲೆಯ ಒಂದೊಂದೇ ಸೋಗೆಯ ಕತ್ತರುಸುದು ಹೇಳಿರೆ ಕೆದೂರು ಹಪ್ಪಳಕ್ಕೆ ಹಿಟ್ಟು ಗುದ್ದಿದ ಹಾಂಗೆ, ಮುಗಿವಲೇ ಇಲ್ಲೆ.

ಅತ್ತೆ ಕನ್ನಡ್ಕ ಹಾಕಿ ಕೂದವು. ಹಟ್ಟಿ ಕಂಡತ್ತು, ಬಾವಿ ಕಂಡತ್ತು, ಮಾತಾಡಿದವಿಲ್ಲೆ. ರಜ್ಜ ಹೊತ್ತು ಕಳುದು, “ಇದು ಸರಿ ಇಲ್ಲೆ. ಧ್ರುವ ನಕ್ಷತ್ರ ಹಟ್ಟಿಯ ಮಾಡಿನ ಮೇಗೆ ಬಪ್ಪದು. ನೀನು ಬಾವಿಯ ಹೊಡೆಂಗೆ ಮಡಗಿದ್ದೆ” ಹೇಳಿದವು. ಅವ° ಫೋನಿನ ದಿಕ್ಸೂಚಿ ನಂಬಿ ಚಿತ್ರ ಕೂರ್ಸಿದ್ದು. ನೋಡಿರೆ ಅಜ್ಜಿ ಹೇಳಿದ್ದೇ ಸರಿ. ಚಿತ್ರವ ಎಷ್ಟು ಡಿಗ್ರಿ ತಿರುಗುಸೆಕ್ಕು ಹೇದು ಒಂದು ಸಣ್ಣ ಫೈಲಿಲಿ ಬರವಲಿದ್ದು. ಅದರ ಬದಲುಸಿ, ಪುನಾ ಬಿಡುಸಿದ°. ಧ್ರುವ ಹಟ್ಟಿಯ ಮಾಡಿನ ಮೇಗೆ ಬಂದು ನಿಂದತ್ತು. ಎಂಗಳ ಊರಿಂಗೆ ಧ್ರುವ ಹದಿಮೂರು ಡಿಗ್ರಿಯಷ್ಟೇ ಎತ್ತರ, ಕೈ ನೀಡಿ ಮುಷ್ಟಿ ಹಿಡುದರೆ ಒಂದು ಮುಷ್ಟಿ, ಮೇಗೆ ಎರಡು ಬೆರಳು. ಪ್ಯಾರಿಸಿಲಿ ಅರ್ಧ ಆಕಾಶದಷ್ಟು ಮೇಗೆ ಇರ್ತಡ.

ಅಂದಿಂದ ಇರುಳು ಉಂಡಿಕ್ಕಿ ಹತ್ತು ನಿಮಿಷ ಅತ್ತೆಗೆ ಲ್ಯಾಪ್‌ಟಾಪು ಬೇಕು. ಒಂದು ಕೀಲಿ ಒತ್ತಿರೆ ವಾತಾವರಣ ಮಾಯ ಆಗಿ ಹಗಲೂ ನಕ್ಷತ್ರ ಕಾಣ್ತು. ಆರ್ದ್ರೆ ಮಳೆ, ಪುನರ್ವಸು ಮಳೆ ಹೇಳ್ತಿಲ್ಲೆಯೋ ನಾವು, ಅದು ಸೂರ್ಯ ಆ ನಕ್ಷತ್ರಲ್ಲಿ ಇಪ್ಪ ದಿನಂಗೊ. ಆದರೆ ಸೂರ್ಯನ ಹತ್ರಾಣ ನಕ್ಷತ್ರ ಆರಿಂಗೆ ಕಾಂಗು? ಜೂನ್ 22ರ ಮಧ್ಯಾಹ್ನ ಹಾಕಿ ತೋರಿಸಿದೆ. ಆರ್ದ್ರೆಯ ಕೆಂಪು ನಕ್ಷತ್ರದ ನೇರಕ್ಕೆ, ಒಂದೂವರೆ ಮುಷ್ಟಿ ಬಡಗಕ್ಕೆ ಸೂರ್ಯ ಇದ್ದು. ಅತ್ತೆ ಪರದೆಯ ಕೈಲಿ ಮುಟ್ಟಿ ನೋಡಿದವು. ಎಂಬತ್ತು ವರ್ಷ ಬಾಯಿಲಿ ಹೇಳಿದ್ದರ ಆ ದಿನ ಕಣ್ಣಿಲಿ ನೋಡಿದ್ದು.

ಅದಾಗಿ ಒಂದಿರುಳು ಅವು ಕೇಳಿದವು: “ಹಳೇ ದಿನವುದೇ ಬತ್ತೋ ಇದರಲ್ಲಿ?” ಬತ್ತು ಹೇಳಿದೆ. ಮತ್ತೆ ಹೇಳಿದ ವಿಷಯ ಆನು ಈ ಮನೆಗೆ ಬಂದು ಮೂವತ್ತು ವರ್ಷಲ್ಲಿ ಕೇಳಿದ್ದೇ ಅಲ್ಲ. ಎಂಗಳ ಯಜಮಾನರ ಮತ್ತೆ, ಮೈದುನನ ಮದಲು, ಒಂದು ಕೂಸು ಹುಟ್ಟಿತ್ತಿದ್ದಡ. ಒಂಬತ್ತೇ ದಿನ ಇದ್ದದು. ಹೆಸರು ಮಡಗಿದ್ದಿಲ್ಲೆ, ಜಾತಕ ಬರದ್ದಿಲ್ಲೆ, ಎಲ್ಲಿಯೂ ಒಂದು ಚೀಟಿ ಇಲ್ಲೆ. ಏವ ವರ್ಷ ಹೇದು ಅತ್ತೆಗೆ ನೆಂಪಿಲ್ಲೆ. ಕೇಳ್ಲೆ ಮಾವ° ಇಲ್ಲೆ. ನೆಂಪಿಪ್ಪದು ಮೂರೇ. ದೀಪಾವಳಿ ಕಳುದಿತ್ತಿದ್ದು. ಹುಟ್ಟಿದ ದಿನ ದೀಪ ಹೊತ್ತುಸುವಗ ಅರ್ಧ ಚಂದ್ರ ನೆತ್ತಿಂದ ರಜ್ಜ ತೆಂಕಕ್ಕೆ ಇತ್ತು. ಮತ್ತೆ, ಆ ದಿನಂಗಳಲ್ಲಿ ಉದಿಯಪ್ಪಗ ಬಾವಿಯ ಹೊಡೆಲಿ ಉದ್ದ ಬೀಲದ ನಕ್ಷತ್ರ ನಿಂದಿತ್ತು. ಅದೇ ಕೂಸಿನ ಕೊಂಡೋತು ಹೇದು ಆರೋ ಹೇಳಿತ್ತಿದ್ದವಡ.

ಮಗಂಗೆ ಫೋನು ಮಾಡಿದೆ. ಅವ° ಎರಡು ಧೂಮಕೇತು ಹೇಳಿದ°. 1965ರ ಇಕೆಯಾ-ಸೆಕಿ, 1970ರ ಬೆನೆಟ್. ಬೆನೆಟ್ ಕಂಡದು ಮಾರ್ಚು-ಎಪ್ರಿಲಿಲಿ, ಮೂಡ-ಬಡಗಲ್ಲಿ. ಹಾಂಗಾರೆ ಹಟ್ಟಿಯ ಹೊಡೆಂಗೆ ಬರೆಕ್ಕಾತು, ದೀಪಾವಳಿಯೂ ಅಲ್ಲ. ಇಕೆಯಾ-ಸೆಕಿ 1965ರ ಅಕ್ಟೋಬರ 21ಕ್ಕೆ ಸೂರ್ಯನ ಉಜ್ಜಿಗೊಂಡ ಹಾಂಗೆ ಹೋಗಿ, ಮತ್ತೆ ಆ ತಿಂಗಳ ಅಖೇರಿಂದ ನವೆಂಬರಿಲಿ ಉದಿಯಪ್ಪಗ ಮೂಡ-ತೆಂಕಲ್ಲಿ ಕಂಡದು. ಹಳೇ ಧೂಮಕೇತು ಸ್ಟೆಲ್ಲೇರಿಯಮ್ಮಿಲಿ ತನ್ನಷ್ಟಕೇ ಇರ್ತಿಲ್ಲೆ. ಅದರ ದಾರಿಯ ಅಂಕೆಗಳ ಹುಡ್ಕಿ, ಫೈಲಿಲಿ ಕೈಲಿಯೇ ಬರದು ಹಾಕಿ ಎನಗೆ ಕಳುಗಿದ°. ಒಳಾಣದ್ದು ಮುಚ್ಚಿ ಮಡಗಿದ್ದಾದರೆ ಹೀಂಗೆ ಮಾಡ್ಲೆ ಎಡಿತ್ತಿತ್ತಿಲ್ಲೆಡ.

ಉದಿಯಪ್ಪಗ ಐದು ಗಂಟೆ ಹಾಕಿದೆ. ಬಾವಿಯ ಮೇಗೆ ಅದು ಇತ್ತು. ಬೀಲ ನಿಜವಾದಷ್ಟು ಉದ್ದ ಕಂಡತ್ತಿಲ್ಲೆ. ಅತ್ತೆ ಬೆರಳಿಲಿ ಪರದೆ ಮೇಗೆ ಎಳದು, “ಇಲ್ಲಿವರೆಗೆ ಇತ್ತು” ಹೇಳಿದವು. ಆ ವರ್ಷದ ದೀಪಾವಳಿ ಅಮಾವಾಸ್ಯೆ ಅಕ್ಟೋಬರ 24ಕ್ಕೆ. ದೀಪ ಹೊತ್ತುಸುವ ಹೊತ್ತಿಂಗೆ ಅರ್ಧ ಚಂದ್ರ ಬಪ್ಪದು ನವೆಂಬರ 1ಕ್ಕೆ, ಸೋಮವಾರ. ಮಗ° ಜಾಗ್ರತೆಯವ°, ಒಂದು ದಿನ ಹಿಂದೆ ಮುಂದೆ ಇಕ್ಕು ಹೇಳಿದ°. ಅತ್ತೆ “ಸಾಕು” ಹೇಳಿದವು.

ಅದರ ಸುರುವಿಂಗೆ ಕಂಡುಹಿಡುದ ಇಕೆಯಾ, ಸೆಕಿ ಇಬ್ರೂ ಜಪಾನಿನವು. ಒಬ್ಬ° ಪಿಯಾನೋ ಕಾರ್ಖಾನೆಲಿ ಕೆಲಸಕ್ಕಿದ್ದವ°, ಇನ್ನೊಬ್ಬ° ಗಿಟಾರು ಕಲುಶುವವ°. ಬೇರೆ ಬೇರೆ ಊರಿಲಿ, ಸಂಬಳ ಇಲ್ಲದ್ದೆ, ಇರುಳು ಒರಕ್ಕು ಕೆಟ್ಟು ಆಕಾಶ ನೋಡಿದವು. ಯಜಮಾನರಿಂಗೆ ಇದರ ಓದಿ ಹೇಳಿದೆ. ಅವು ಪೇಪರು ಮಡುಸಿ, ಅಬ್ಬೆಯ ಹತ್ರೆ ಹೋಗಿ ಕೂದವು. ಒಂದು ತಂಗೆ ಇದ್ದತ್ತು ಹೇಳುದು ಅವಕ್ಕೂ ಗೊಂತಿತ್ತಿಲ್ಲೆ. ನವೆಂಬರ ಬಂದಪ್ಪಗ ನೋಡ್ತೆ, ಅತ್ತೆ ಕ್ಯಾಲೆಂಡರಿಲಿ 1ನೇ ತಾರೀಕಿನ ಚೌಕಲ್ಲಿ ಪೆನ್ಸಿಲಿಲಿ ಒಂದು ಬೊಟ್ಟು ಹಾಕಿದ್ದವು.

ಬೇಕಾದವು ಕಂಪ್ಯೂಟರಿಂಗೆ ಇಳಿಸಿಗೊಳ್ಳಿ. ಸುರುವಿಂಗೆ ಎಫ್ 6 ಒತ್ತಿ ನಿಂಗಳ ಊರು ಹಾಕೆಕ್ಕು, ಇಲ್ಲದ್ದರೆ ಪ್ಯಾರಿಸಿನ ಆಕಾಶವನ್ನೇ ನೋಡಿಗೊಂಡು ಕೂರೆಕ್ಕಷ್ಟೆ. ಎಫ್ 5ಲ್ಲಿ ತಾರೀಕು. ಭಾರತದ ನಕ್ಷತ್ರದ ಹೆಸರುಗಳೂ ಇದ್ದು, ಆಕಾಶ ಸಂಸ್ಕೃತಿ ಹೇಳ್ತಲ್ಲಿ ಹುಡ್ಕಿ. ಜಾಲಿನ ಫೋಟೋ ಹಾಕುಲೆ ಎನಗೆ ಅರಡಿಯ, ಅದಕ್ಕೆ ಮಗನನ್ನೇ ಕೇಳೆಕ್ಕು. ಶೆನಿವಾರ ಸಿಕ್ಕುಗು.