ಬೆಣ್ಣೆಯೂರಿನ ಮಗಳು

ನನ್ನ ತವರು ದಾವಣಗೆರೆ, ಕೊಟ್ಟ ಮನೆ ಹರಿಹರ. ನಡುವೆ ಇರುವುದು 14 ಕಿಲೋಮೀಟರು. ಹಾಗಾಗಿ ಬೆಣ್ಣೆ ದೋಸೆಯ ನಂಟು ಮದುವೆಯಾದ ಮೇಲೂ ಬಿಡಲಿಲ್ಲ. ಮೈ ಮೊದಲಿನಿಂದಲೂ ತೆಳ್ಳಗೆ. 45ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್ಲ ಸರಿಯಾಗಿತ್ತು. 60ಕ್ಕೆ ಮಾಡಿಸಿದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168! 100ರ ಒಳಗಿದ್ದರೆ ಒಳ್ಳೆಯದು, 160 ಮುಟ್ಟಿದರೆ ಹೆಚ್ಚು ಎಂದು ಲೆಕ್ಕ.

"ಅದೇ ಅಜ್ಜಿ, ಅದೇ ದೋಸೆ. ಈಗ್ಯಾಕೆ ಜಾಸ್ತಿ ಆಯ್ತು?" ಎಂದಳು ಆರನೇ ಕ್ಲಾಸಿನ ಮೊಮ್ಮಗಳು. ಒಳ್ಳೆಯ ಪ್ರಶ್ನೆಯೇ.

ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶಗಳ ಹೊದಿಕೆಗೆ ಅದು ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಒಳಗೆ ಕರೆದುಕೊಳ್ಳಲು ಪಿತ್ತಜನಕಾಂಗದಲ್ಲಿ ಪುಟ್ಟ ಬಾಗಿಲುಗಳಂಥವು ಇವೆ. ಹೆಂಗಸರ ದೇಹದ ಈಸ್ಟ್ರೋಜನ್ ಆ ಬಾಗಿಲುಗಳನ್ನು ಹೆಚ್ಚಿಸುತ್ತದೆ. 50ರ ಆಸುಪಾಸಿನಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಬಾಗಿಲುಗಳೂ ಕಡಿಮೆಯಾಗುತ್ತವೆ. ಬೆಣ್ಣೆ, ತುಪ್ಪದಲ್ಲಿ ಹೆಚ್ಚಾಗಿರುವ ಪರ್ಯಾಪ್ತ ಕೊಬ್ಬು ಇನ್ನಷ್ಟು ಬಾಗಿಲು ಮುಚ್ಚಿಸುತ್ತದೆ. ಒಳಗೆ ಹೋಗಲಾಗದ ಎಲ್‌ಡಿಎಲ್ ರಕ್ತದಲ್ಲೇ ಉಳಿದು, ವರ್ಷಗಟ್ಟಲೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಹೃದಯಾಘಾತಕ್ಕೆ ದಾರಿ ಆಗುವುದು ಹೀಗೆ. ಅದು ಗಂಡಸರ ಕಾಯಿಲೆ ಮಾತ್ರವಲ್ಲ.

ಮೊಮ್ಮಗಳು ಒಂದು ಬಟ್ಟಲಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಶೇಂಗಾ ಎಣ್ಣೆ ಇಟ್ಟು ನೋಡಿದಳು. ಬೆಣ್ಣೆ ಗಟ್ಟಿ, ಎಣ್ಣೆ ನೀರು. ಪರ್ಯಾಪ್ತ ಕೊಬ್ಬು ಹೆಚ್ಚಿದ್ದಷ್ಟೂ ಗಟ್ಟಿಯಾಗುವುದು ಹೆಚ್ಚು. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಅದು ಸುಮಾರು 7 ಗ್ರಾಂ. ಅಷ್ಟೇ ಶೇಂಗಾ ಎಣ್ಣೆಯಲ್ಲಿ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು. ಹಾಗಂತ ಎಣ್ಣೆ ಸುರಿಯುವಂತಿಲ್ಲ. ಮೈ ತೂಕ ಏರಿಸುವುದರಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ.

ಈಗ ಮನೆಯ ದೋಸೆಗೆ ಚಮಚದಲ್ಲಿ ಅಳೆದ ಶೇಂಗಾ ಎಣ್ಣೆ. ರೊಟ್ಟಿಗೆ ಬೆಣ್ಣೆಯ ಬದಲು ಅಗಸೆ, ಗುರೆಳ್ಳಿನ ಚಟ್ನಿಪುಡಿ. ಸಂಜೆಗೆ ಮಂಡಕ್ಕಿ ಉಂಟು, ಮಿರ್ಚಿ ಇಲ್ಲ. ತುಂಗಭದ್ರೆಯ ಕಡೆಗೆ ದಿನಾ ಅರ್ಧ ಗಂಟೆ ನಡಿಗೆ. ತವರಿನ ಬೆಣ್ಣೆ ದೋಸೆ ತಿಂಗಳಿಗೊಮ್ಮೆ, ಅದೂ ಒಂದೇ. ಆರು ತಿಂಗಳಲ್ಲಿ 168 ಇದ್ದದ್ದು 141ಕ್ಕೆ ಇಳಿಯಿತು. ಇನ್ನೂ ಇಳಿಯಬೇಕು ಎಂದು ಡಾಕ್ಟರು ಮಾತ್ರೆಯನ್ನೂ ಬರೆದಿದ್ದಾರೆ. ಕೆಲವರಿಗೆ ಊಟದ ಬದಲಾವಣೆಯೊಂದೇ ಸಾಲದು.

ಕೊಲೆಸ್ಟ್ರಾಲ್ ಏರಿದರೆ ನೋವಿಲ್ಲ, ಜ್ವರವಿಲ್ಲ. ತೆಳ್ಳಗಿದ್ದವರನ್ನೂ ಅದು ಬಿಡುವುದಿಲ್ಲ. ಮಕ್ಕಳೇ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಿಮ್ಮ ಅಜ್ಜಿಯನ್ನು ಇವತ್ತೇ ಕೇಳಿ: "ಅಜ್ಜೀ, ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯ್ತು?"