ಪುಕ್ಕಟೆ ಬುಟ್ಟಿಯ ಬೆಲೆ

ನಮ್ಮ ಪ್ಲ್ಯಾನ್ ಬಹಳ ಸರಳ ಇತ್ತು. ಖಾನಾಪುರ ಕಡೆಯ ಒಂದು ಅಂಗನವಾಡಿಗೆ ಚಿತ್ರದ ಪುಸ್ತಕ, ಆಟಿಕೆ ಕೊಡಿಸಬೇಕು. ದುಡ್ಡಿಗೆ ನಾವು ಆರು ಮಂದಿ ಬಿದಿರಿನ ಬುಟ್ಟಿ ಹೆಣೆದು ಕಾಲೇಜ್ ಫೆಸ್ಟ್‌ನಲ್ಲಿ ಸ್ಟಾಲ್ ಹಾಕೋದು. ಕೂಲಿ ಸೊನ್ನೆ, ಬಂದದ್ದೆಲ್ಲ ಲಾಭ. ಎಕ್ಸೆಲ್ ಶೀಟ್‌ನಲ್ಲಿ ಎಲ್ಲಾ ಚೆಂದ ಕಾಣ್ತಿತ್ತು.

ಶನಿವಾರ ಬೆಳಗಾವಿಯಿಂದ ಬಸ್ ಹತ್ತಿದ್ವಿ. ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿದ ಮೇಲೆ ಮನೆಗಳು ಕಡಿಮೆ, ಹಸಿರು ಹೆಚ್ಚು. ಖಾನಾಪುರ ಕಾಡಿನ ತಾಲೂಕು; ಬಿದಿರಿನ ಕೆಲಸ ಮಾಡೋ ಮೇದಾರರು ಇಲ್ಲಿದ್ದಾರೆ, ಮರಾಠಿ ಮಾತಾಡೋರು ಅವರನ್ನ ಬುರುಡರು ಅಂತಾರೆ. ಅಂಗನವಾಡಿ ಅಕ್ಕೋರು ಅಂಥ ಮನೆಯ ಒಬ್ಬ ಅಜ್ಜಿಯ ಪರಿಚಯ ಮಾಡಿಸಿದ್ರು. ಓಣಿಯವರೆಲ್ಲ ಕರೆಯೋ ಹಾಗೆ ನಾವೂ ಅವರನ್ನ ‘ಆಯಿ’ ಅಂದ್ವಿ.

ಮೊದಲ ಪಾಠ ಬಿದಿರು ಸೀಳೋದು. ಬಿದಿರಿನ ಗೋಡೆಯಲ್ಲಿ ನಾರು ಹೊರಗಡೆ ದಟ್ಟ, ಒಳಗಡೆ ವಿರಳ ಅಂತ ನಾನು ಮಟೀರಿಯಲ್ ಸೈನ್ಸ್‌ನಲ್ಲಿ ಓದಿದ್ದೆ. ಆಯಿ ಓದಿರಲಿಲ್ಲ; ಆದ್ರೆ ಹಸಿರು ಸಿಪ್ಪೆ ಕಡೆಯ ಎಳೆಯನ್ನ ಬುಟ್ಟಿಗೆ ಇಟ್ಟು, ಒಳಗಿನ ಮೆತ್ತನೆಯದನ್ನ ಒಲೆಗೆ ಎಸೀತಿದ್ರು. ಆಮೇಲೆ ಹೆಣಿಗೆ. ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ. ಮೊಳೆ ಇಲ್ಲ, ಅಂಟು ಇಲ್ಲ. ಬಾಗಿದ ಎಳೆಗಳು ಒಂದನ್ನೊಂದು ಒತ್ತೋ ಘರ್ಷಣೆಯಲ್ಲೇ ಬುಟ್ಟಿ ನಿಲ್ಲುತ್ತೆ. ಆಯಿದು ನಿಲ್ಲುತ್ತೆ. ಮೂರು ಶನಿವಾರ ಕಳೆದ್ರೂ ಆರು ಮಂದಿಯಿಂದ ಆಗಿದ್ದು ನಾಲ್ಕು ಬುಟ್ಟಿ. ಬೆರಳ ತುಂಬ ಸಿಬಿರು.

ಆವತ್ತು ಆಯಿ ಕೇಳಿದ್ರು, “ಇವನ್ನ ಎಷ್ಟಕ್ಕ ಮಾರ್ತೀರಿ?”

“ಐವತ್ತು ರೂಪಾಯಿ, ಆಯಿ. ಕಮ್ಮಿ ಇಟ್ರ ಲಗೂನ ಹೋಗ್ತಾವ.”

ಆಯಿ ಕತ್ತಿ ಕೆಳಗಿಟ್ರು. “ಮಂದಿ ಐವತ್ತಕ್ಕ ತಗೊಂಡ್ರ, ನಾಳೆ ಸಂತಿಯೊಳಗ ನನಗ ನೂರಾ ಇಪ್ಪತ್ತು ಯಾರ ಕೊಡ್ತಾರ ತಮ್ಮಾ? ಮೊದ್ಲ ಪ್ಲಾಸ್ಟಿಕ್ ಬಂದದ. ನಿಮಗ ಇದು ಸೇವಾ. ನನಗ ಇದು ರೊಟ್ಟಿ.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, “ನನ್ನ ಮೊಮ್ಮಗಳೂ ಅದ ಬಾಲವಾಡಿಗೆ ಹೋಗ್ತಾಳ.”

ವಾಪಸ್ ಬರುವಾಗ ಬಸ್‌ನಲ್ಲಿ ಯಾರೂ ಮಾತಾಡಲಿಲ್ಲ. ಮೂರು ಶನಿವಾರ ಆಯಿಯ ಅರ್ಧ ಅರ್ಧ ದಿನ ನಾವು ತಿಂದಿದ್ವಿ. ನಮ್ಮ ಶೀಟ್‌ನಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ. 12ನೇ ಶತಮಾನದ ಮೇದಾರ ಕೇತಯ್ಯ ಬುಟ್ಟಿ ಹೆಣೆದು, ಮಾರಿ ಬದುಕಿದ ಶರಣ. ಕಾಯಕದ ಬಗ್ಗೆ ಶಾಲೆಯಿಂದ ಭಾಷಣ ಮಾಡ್ತಾ ಬಂದ ನಾನು, ಕಾಯಕಕ್ಕೆ ಕೂಲಿ ಇರುತ್ತೆ ಅನ್ನೋದನ್ನೇ ಮರೆತಿದ್ದೆ.

ಪ್ಲ್ಯಾನ್ ಬದಲಾಯ್ತು. ಫೆಸ್ಟ್ ಸ್ಟಾಲ್‌ನಲ್ಲಿ ಆಯಿಯ ಬುಟ್ಟಿಗಳನ್ನ ಆಯಿ ಹೇಳಿದ ರೇಟಿಗೇ ಮಾರಿದ್ವಿ, ದುಡ್ಡು ಪೂರ್ತಿ ಅವರಿಗೆ. ಕಲಿಸಿದ ದಿನಗಳ ಕೂಲಿ ಕೊಟ್ವಿ. ಪುಸ್ತಕಕ್ಕೆ ನಾವೇ ಕೈಯಿಂದ ಹಾಕಿದ್ವಿ. ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು.

ಹಾಗಾದ್ರೆ ಕಲಿತ ಹೆಣಿಗೆ? ಅದು ಅಂಗನವಾಡಿಗೇ ಹೋಯ್ತು. 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ಯೋಜನೆಯ ಅಂಗನವಾಡಿಗಳನ್ನ ನಾವು ಊಟ, ಲಸಿಕೆಗೆ ಮಾತ್ರ ಅಂದ್ಕೋತೀವಿ. 3ರಿಂದ 6 ವರ್ಷದ ಮಕ್ಕಳ ಕಲಿಕೆಯೂ ಅದರ ಕೆಲಸ. ‘ಕಿಂಡರ್‌ಗಾರ್ಟನ್’ ಅನ್ನೋ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್ ಕಾಗದದ ಪಟ್ಟಿ ಹೆಣೆಯೋದನ್ನ ಪುಟ್ಟ ಮಕ್ಕಳ ಕಲಿಕೆಯಲ್ಲಿ ಸೇರಿಸಿದ್ದ. ಬಿದಿರಿನ ಸಿಬಿರು ಎಳೆ ಬೆರಳಿಗೆ ಬೇಡ ಅಂತ ನಾವೂ ಬಣ್ಣದ ಕಾಗದ ಒಯ್ದ್ವಿ. ಬೆರಳಿಗೆ ಹಿಡಿತ, ಕಣ್ಣಿಗೆ ಕ್ರಮ, ಬಾಯಿಗೆ ಎಣಿಕೆ.

ನಾನು ‘ಮೇಲೆ, ಕೆಳಗೆ’ ಅಂತ ಶುರು ಮಾಡಿದೆ. ಆಯಿಯ ಮೊಮ್ಮಗಳು ಪಕ್ಕದವಳಿಗೆ ಮರಾಠಿಯಲ್ಲಿ ‘ವರ್, ಖಾಲಿ’ ಅಂತ ಹೇಳಿಕೊಟ್ಟಳು. ಅವಳ ಚಾಪೆ ನನ್ನದಕ್ಕಿಂತ ಬಿಗಿಯಾಗಿತ್ತು.

ನಾನು ಹೆಣೆದ ಬುಟ್ಟಿ ಈಗ ಹಾಸ್ಟೆಲ್ ರೂಮಿನಲ್ಲಿ ಚಾರ್ಜರ್, ಕೀಲಿ ಇಟ್ಕೊಂಡು ಒಂದು ಕಡೆ ವಾಲಿ ಕೂತಿದೆ. ಈ ಸೆಮಿಸ್ಟರ್‌ನ ಹೊಸ ಶೀಟ್ ರೆಡಿ ಇದೆ. ಮೊದಲ ಕಾಲಂ ಆಯಿಯ ಕೂಲಿ. ಶನಿವಾರ ಫ್ರೀ ಇರೋರು ಬನ್ನಿ.