ಹತ್ತು ಸಾವಿರ ತಿರುವುಗಳ ಲೆಕ್ಕ

ಯುರೋಪಿನ ಭೂಪಟ ಬಿಡಿಸಿ ಇಟಲಿಯ ಬೂಟಿನ ಎಡಗಡೆ ಕಣ್ಣು ಹಾಯಿಸಿ. ಸಾರ್ಡೀನಿಯಾದ ನೆತ್ತಿಯ ಮೇಲೆ, ಮುಷ್ಟಿ ಕಟ್ಟಿ ತೋರುಬೆರಳನ್ನು ಮೇಲೆತ್ತಿದಂತೆ ಕಾಣುವ ದ್ವೀಪವೊಂದಿದೆ. ಅದೇ ಕಾರ್ಸಿಕಾ. 1768ರಲ್ಲಿ ಜಿನೋವಾ ಗಣರಾಜ್ಯ ಇದನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಮರುವರ್ಷವೇ ಇಲ್ಲಿನ ಅಜಾಕ್ಸಿಯೋ ಪಟ್ಟಣದಲ್ಲಿ ನೆಪೋಲಿಯನ್ ಹುಟ್ಟಿದ. ದ್ವೀಪದ ವಿಸ್ತೀರ್ಣ ಸುಮಾರು 8,680 ಚದರ ಕಿ.ಮೀ.; ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ದೊಡ್ಡದು. ಅಷ್ಟೇ ಜಾಗದಲ್ಲಿ 2,706 ಮೀಟರ್ ಎತ್ತರದ ಮೊಂಟೆ ಚಿಂಟೊ ಶಿಖರ ಎದ್ದು ನಿಂತಿದೆ. ಇಂಥ ನೆಲದ ಮೇಲೆ ನೆಟ್ಟಗಿನ ರಸ್ತೆ ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದಂತೆ.

ಇಲ್ಲಿ ನಡೆಯುತ್ತಿದ್ದ ಮೋಟಾರು ರ‍್ಯಾಲಿಯ ಹೆಸರು 'ಟೂರ್ ದ ಕೋರ್ಸ್'. ಅಭಿಮಾನಿಗಳು ಇಟ್ಟ ಅಡ್ಡಹೆಸರು 'ಹತ್ತು ಸಾವಿರ ತಿರುವುಗಳ ರ‍್ಯಾಲಿ'. ಯಾರೂ ಕೂತು ಎಣಿಸಿರಲಿಕ್ಕಿಲ್ಲ. ಆದರೂ ಒಂದು ಮನೆಲೆಕ್ಕ ಮಾಡಿ ನೋಡೋಣ. 1980ರ ದಶಕದಲ್ಲಿ ಇದರ ಸ್ಪರ್ಧಾ ಹಾದಿಯ ಒಟ್ಟು ಉದ್ದ ಸಾವಿರ ಕಿ.ಮೀ. ದಾಟಿದ್ದುಂಟು. ಸಾವಿರ ಕಿ.ಮೀ.ಗೆ ಹತ್ತು ಸಾವಿರ ತಿರುವು ಎಂದರೆ ನೂರು ಮೀಟರಿಗೊಂದು. ಕ್ರೀಡಾಕೂಟದಲ್ಲಿ ಮಕ್ಕಳು ಓಡುವ ನೂರು ಮೀಟರ್ ಇದೆಯಲ್ಲ, ಅಷ್ಟು ದೂರಕ್ಕೊಂದು ತಿರುವು!

2019ರ ಮಾರ್ಚ್ ಕೊನೆಯಲ್ಲಿ ಈ ರ‍್ಯಾಲಿಯನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ಸಿಕ್ಕಿತು. ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿದ್ದ ಮಗಳ ಮನೆಗೆ ಹೋಗಿದ್ದೆವು. ಮಾರ್ಸೇಲ್ ಬಂದರಿನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಗ್ಗೆ ಬಾಸ್ತಿಯಾ. ಮೋಟಾರು ಸ್ಪರ್ಧೆಯ ಹುಚ್ಚು ಅಳಿಯನದು. ಘರ್ಷಣೆ, ಕೇಂದ್ರಾಭಿಮುಖ ಬಲ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನ ಕುತೂಹಲ ನನ್ನದು.

ರ‍್ಯಾಲಿ ಎಂದರೆ ರೇಸ್ ಅಲ್ಲ

ರೇಸ್‌ನಲ್ಲಿ ಕಾರುಗಳು ಒಟ್ಟಿಗೆ ಓಡುತ್ತವೆ. ರ‍್ಯಾಲಿಯಲ್ಲಿ ಪ್ರತಿ ಕಾರೂ ಒಂಟಿ. ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದನ್ನೇ ಬಿಡುತ್ತಾರೆ. ಊರ ರಸ್ತೆಯ ಒಂದು ಭಾಗವನ್ನು ಮುಚ್ಚಿ, ಅಲ್ಲಿ ತೆಗೆದುಕೊಂಡ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಇಂಥ ಒಂದೊಂದು ಭಾಗಕ್ಕೂ 'ಸ್ಟೇಜ್' ಎಂದು ಹೆಸರು. ಎಲ್ಲ ಸ್ಟೇಜ್‌ಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರೇ ವಿಜೇತರು. 2019ರಲ್ಲಿ ಮೂರು ದಿನ, 14 ಸ್ಟೇಜ್, ಒಟ್ಟು 347.51 ಕಿ.ಮೀ. ಎಲ್ಲವೂ ಡಾಂಬರು ರಸ್ತೆ.

ಈ ರ‍್ಯಾಲಿ ಶುರುವಾದದ್ದು 1956ರಲ್ಲಿ. ಆ ಮೊದಲ ವರ್ಷ ಗೆದ್ದವರು ಯಾರು ಗೊತ್ತೇ? ಜಿಲ್ಬರ್ಟ್ ತಿರಿಯೋಂ ಎಂಬ ಬೆಲ್ಜಿಯಂನ ಮಹಿಳೆ! ಓಡಿಸಿದ್ದು ರೆನೋ ಡಾಫಿನ್ ಎಂಬ ಪುಟ್ಟ ಕಾರು. ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಬಾರದೆಂದು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 1973ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಆರಂಭವಾದಾಗ ಕಾರ್ಸಿಕಾಕ್ಕೆ ಅದರಲ್ಲಿ ಮೊದಲ ವರ್ಷದಿಂದಲೇ ಸ್ಥಾನ ದೊರೆಯಿತು. ಫ್ರಾನ್ಸಿನ ಬರ್ನಾರ್ ದಾರ್ನಿಷ್ ಮತ್ತು ದಿದಿಯೆ ಓರಿಯೋಲ್ ಇಲ್ಲಿ ಆರಾರು ಬಾರಿ ಗೆದ್ದಿದ್ದಾರೆ. 2005ರಲ್ಲಂತೂ ಸೆಬಾಸ್ಟಿಯನ್ ಲೋಬ್ 12 ಸ್ಟೇಜ್‌ಗಳಲ್ಲಿ 12ನ್ನೂ ಗೆದ್ದು ದಾಖಲೆ ಬರೆದರು.

ತಿರುವು ಕೇಳುವ ಲೆಕ್ಕ

ತಿರುವಿನಲ್ಲಿ ಕಾರನ್ನು ಹೊರಕ್ಕೆ ಹೋಗದಂತೆ ಹಿಡಿದಿಡುವುದು ಟಯರು ಮತ್ತು ರಸ್ತೆಯ ನಡುವಿನ ಘರ್ಷಣೆ ಮಾತ್ರ. ನಾಲ್ಕು ಟಯರುಗಳು ನೆಲ ಮುಟ್ಟುವ ಜಾಗ ನಾಲ್ಕು ಅಂಗೈಗಳಷ್ಟು. ಇಡೀ ವಾಹನದ ಹಣೆಬರಹ ಆ ನಾಲ್ಕು ಅಂಗೈಗಳಲ್ಲಿದೆ.

ಹತ್ತನೇ ತರಗತಿ ಮುಗಿಸಿದವರು ಲೆಕ್ಕ ಮಾಡಬಹುದು. 20 ಮೀಟರ್ ತ್ರಿಜ್ಯದ ತಿರುವು, ಒಣಗಿದ ರಸ್ತೆ, ಘರ್ಷಣಾಂಕ 1 ಎಂದಿಟ್ಟುಕೊಳ್ಳಿ. ಘರ್ಷಣಾಂಕ, ತ್ರಿಜ್ಯ, ಗುರುತ್ವ ವೇಗೋತ್ಕರ್ಷ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವುದು ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿ.ಮೀ. ಮಳೆ ಬಂದು ಘರ್ಷಣಾಂಕ ಅರ್ಧಕ್ಕಿಳಿದರೆ ಮಿತಿ ಸುಮಾರು 36 ಕಿ.ಮೀ. ಗಮನಿಸಿ, ಈ ಲೆಕ್ಕದಲ್ಲಿ ವಾಹನದ ತೂಕ ಇಲ್ಲ, ಬೆಲೆ ಇಲ್ಲ, ಓಡಿಸುವವನ ಧೈರ್ಯವಂತೂ ಇಲ್ಲವೇ ಇಲ್ಲ.

ಇನ್ನು ಬ್ರೇಕಿನ ಕಥೆ. 1,200 ಕೆ.ಜಿ. ತೂಕದ ಕಾರು ಗಂಟೆಗೆ 108 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 5,40,000 ಜೂಲ್. ಅದನ್ನು ನಿಲ್ಲಿಸಿದರೆ ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಮನೆಮಂದಿಗೆಲ್ಲ ಕಾಫಿ ಆಯಿತು! ವೇಗ ಅರ್ಧಕ್ಕಿಳಿಸಿದರೂ ಆ ಶಾಖದ ಮುಕ್ಕಾಲು ಪಾಲು ಹುಟ್ಟಿಬಿಡುತ್ತದೆ. ಇಂಥ ತಿರುವುಗಳು ಸಾಲುಸಾಲಾಗಿ ಬಂದಾಗ ಬ್ರೇಕಿನ ಬಿಲ್ಲೆಗಳು ಕೆಂಡದಂತಾಗುವುದರಲ್ಲಿ ಆಶ್ಚರ್ಯವೇನು?

ಕಿವಿಯಿಂದ ಓಡಿಸುವವರು

ಶನಿವಾರ ನಾವು ನಿಂತದ್ದು ಕಸ್ತಾನಿಚ್ಚಾ ಸೀಮೆಯಲ್ಲಿ. ಹೆಸರೇ ಚೆಸ್ಟ್‌ನಟ್ ಮರದಿಂದ ಬಂದದ್ದು. ಜಿನೋವಾ ಆಡಳಿತದ ಕಾಲದಲ್ಲಿ ಇಲ್ಲಿ ಈ ಮರಗಳನ್ನು ಕಡ್ಡಾಯವಾಗಿ ನೆಡಿಸಿದ್ದರಂತೆ. ಗೋಧಿ ಬೆಳೆಯದ ಗುಡ್ಡದ ಜನರಿಗೆ ಅದರ ಕಾಯಿಯ ಹಿಟ್ಟೇ ಅನ್ನವಾಗಿತ್ತು. ಅದನ್ನು ನಮ್ಮ ರಾಗಿಮುದ್ದೆಯಂತೆ ತೊಳಸಿ ಉಣ್ಣುತ್ತಾರೆ. ಇಳಿಜಾರಿಗೆ ಅಂಟಿಕೊಂಡ ಕಲ್ಲುಮನೆಗಳು, ರಸ್ತೆಗೇ ಬಂದು ಮಲಗುವ ಹಂದಿಗಳು, ಎರಡು ಭಾಷೆಯ ಊರಫಲಕಗಳಲ್ಲಿ ಯಾರೋ ಮಸಿ ಬಳಿದ ಫ್ರೆಂಚ್ ಹೆಸರುಗಳು. ರಸ್ತೆಯೋ, ಎರಡು ಕಾರು ಎದುರಾದರೆ ಒಂದು ಉಸಿರು ಬಿಗಿಹಿಡಿಯಬೇಕು.

ಈ ರಸ್ತೆಯಲ್ಲಿ 47 ಕಿ.ಮೀ. ಉದ್ದದ ಸ್ಟೇಜ್, ಅದೂ ದಿನಕ್ಕೆ ಎರಡು ಸಲ. ಮೊದಲು ದೂರದ ಕಣಿವೆಯಿಂದ ಎಂಜಿನ್ನಿನ ಸದ್ದು. ಅದು ಗುಡ್ಡದ ಹಿಂದೆ ಅಡಗುತ್ತದೆ, ಮತ್ತೆ ಏಳುತ್ತದೆ. ನೋಡನೋಡುತ್ತಿದ್ದಂತೆ ಕಾರು ಕಣ್ಣೆದುರು, ಮರುಗಳಿಗೆ ಬರೀ ಸುಟ್ಟ ರಬ್ಬರಿನ ವಾಸನೆ. ಓಡುತ್ತಿದ್ದವುಗಳಲ್ಲಿ ನಮ್ಮ ಬೀದಿಗಳಲ್ಲೂ ಕಾಣುವ ಹುಂಡೈ ಐ20 ಕೂಡ ಇತ್ತು. ಹೆಸರು ಮಾತ್ರ ಅದೇ. ಒಳಗಿರುವುದು 380 ಅಶ್ವಶಕ್ತಿಯ ಎಂಜಿನ್, ಸುತ್ತ ಉಕ್ಕಿನ ಪಂಜರ.

ಮುಂದಿನ ತಿರುವು ಕಾಣುವುದೇ ಇಲ್ಲವಲ್ಲ, ಇವರು ಹೇಗೆ ಓಡಿಸುತ್ತಾರೆ? ಉತ್ತರ ಪಕ್ಕದ ಸೀಟಿನಲ್ಲಿದೆ. ರ‍್ಯಾಲಿಗೆ ಮೊದಲು ಪ್ರತಿ ಜೋಡಿಗೂ ರಸ್ತೆಯನ್ನು ಸಾಧಾರಣ ವೇಗದಲ್ಲಿ ಎರಡು ಬಾರಿ ನೋಡಲು ಅವಕಾಶವಿರುತ್ತದೆ. ಆಗ ಚಾಲಕ ಒಂದೊಂದು ತಿರುವನ್ನೂ ಅಳೆದು ಹೇಳುತ್ತಾನೆ, ಸಹಚಾಲಕ ಬರೆದುಕೊಳ್ಳುತ್ತಾನೆ. ಎಡವೋ ಬಲವೋ, ಎಷ್ಟು ಕಡಿದು, ಮುಂದೆ ಬಿಗಿಯಾಗುತ್ತದೆಯೋ, ಅಂಚಿನಲ್ಲಿ ಕಲ್ಲಿದೆಯೋ, ಎಲ್ಲವೂ ಸಂಕೇತಗಳಲ್ಲಿ. ಸ್ಪರ್ಧೆಯ ದಿನ ಸಹಚಾಲಕ ತಲೆ ಬಗ್ಗಿಸಿ ಆ ಟಿಪ್ಪಣಿಯನ್ನು ಓದುತ್ತಾ ಹೋಗುತ್ತಾನೆ, ಕಾರಿಗಿಂತ ಒಂದೆರಡು ತಿರುವು ಮುಂದಾಗಿ. ಸೆಕೆಂಡಿಗೆ 30 ಮೀಟರ್ ಓಡುವ ಕಾರಿನಲ್ಲಿ ಕಣ್ಣಿನಿಂದ ನೋಡಿ ನಿರ್ಧರಿಸಲು ಸಮಯವೆಲ್ಲಿದೆ? ಹಾಗಾಗಿ ಚಾಲಕ ಓಡಿಸುವುದು ಅರ್ಧ ಕಿವಿಯಿಂದಲೇ.

ಮೊದಲು ಹೋದ ಕಾರುಗಳು ತಿರುವಿನ ಒಳ ಅಂಚನ್ನು ಕತ್ತರಿಸಿ ರಸ್ತೆಗೆ ಮಣ್ಣು ಎಳೆದುಹಾಕುತ್ತವೆ. ಬೆಳಗ್ಗೆ ಇದ್ದ ಘರ್ಷಣೆ ಮಧ್ಯಾಹ್ನ ಇರುವುದಿಲ್ಲ. ಅದಕ್ಕೆಂದೇ ಸ್ಪರ್ಧೆಗೆ ಮುಂಚೆ ಬೇರೊಂದು ಕಾರು ಹೋಗಿ ಕೆಸರು, ಮಂಜು, ತೇವ ಎಲ್ಲೆಲ್ಲಿದೆ ಎಂದು ತಿಳಿಸುತ್ತದೆ. ಟಿಪ್ಪಣಿಯನ್ನು ತಿದ್ದುತ್ತಾರೆ. ಇಷ್ಟೆಲ್ಲ ಎಚ್ಚರ ವಹಿಸಿದವರು ಮಾತ್ರ ಆ ವೇಗಕ್ಕೆ ಕೈಹಾಕುತ್ತಾರೆ.

ಆದರೂ ರಸ್ತೆ ತನ್ನ ಪಾಲನ್ನು ಕೇಳಿಯೇ ಕೇಳುತ್ತದೆ. ಭಾನುವಾರ, ಕಾಲ್ವಿಯ ಬಳಿ 19.34 ಕಿ.ಮೀ.ಗಳ ಕೊನೆಯ ಸ್ಟೇಜ್. ಎಲ್ಫಿನ್ ಇವಾನ್ಸ್ ಮತ್ತು ಸಹಚಾಲಕ ಸ್ಕಾಟ್ ಮಾರ್ಟಿನ್ 11.5 ಸೆಕೆಂಡು ಮುಂದಿದ್ದರು. ಗೆಲುವು ಕೈಗೆ ಬಂದಂತೆಯೇ ಇತ್ತು. ಟಯರು ಒಡೆಯಿತು! ಅವರು ಮೂರನೆಯ ಸ್ಥಾನಕ್ಕಿಳಿದರು. ಐ20ಯಲ್ಲಿದ್ದ ತಿಯೆರಿ ನೊವಿಲ್ ಮತ್ತು ನಿಕೋಲಾಸ್ ಜಿಲ್ಸೂಲ್ ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಕಾರ್ಸಿಕಾಕ್ಕೂ ಅದು ಒಂದು ಬಗೆಯ ವಿದಾಯವಾಯಿತು. 2020ರ ವಿಶ್ವ ಸರಣಿಯ ಪಟ್ಟಿಯಿಂದ ಈ ರ‍್ಯಾಲಿಯನ್ನು ಕೈಬಿಟ್ಟರು.

ಕೋರ್ತೆಯ ಆ ಎಡತಿರುವು

ಸೋಮವಾರ ದ್ವೀಪದ ನಡುವಿನ ಕೋರ್ತೆ ಪಟ್ಟಣಕ್ಕೆ ಹೋದೆವು. ಬಂಡೆಯ ತುದಿಯಲ್ಲಿ ಹಳೆಯ ಕೋಟೆ, ಕೆಳಗೆ ವಿಶ್ವವಿದ್ಯಾನಿಲಯದ ಹುಡುಗರ ಗಲಾಟೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ಒಂದು ಎಡತಿರುವು, ಅಲ್ಲೊಂದು ಸ್ಮಾರಕಶಿಲೆ.

1986ರ ಮೇ 2ರಂದು ಫಿನ್ಲೆಂಡಿನ ಹೆನ್ರಿ ತೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ತೊ ಇದ್ದ ಲ್ಯಾನ್ಸಿಯಾ ಕಾರು ಇಲ್ಲಿ ರಸ್ತೆ ಬಿಟ್ಟು ಕಮರಿಗೆ ಉರುಳಿತು. ಇಂಧನದ ತೊಟ್ಟಿಗಳು ಸೀಟಿನ ಕೆಳಗೇ ಇದ್ದವು. ಬೆಂಕಿ ಆರಿದಾಗ ಉಳಿದದ್ದು ಲೋಹದ ಅಸ್ಥಿಪಂಜರ. ಒಬ್ಬನಿಗೆ 29 ವರ್ಷ, ಇನ್ನೊಬ್ಬನಿಗೆ 30. ಬೀಳುವುದನ್ನು ಹತ್ತಿರದಿಂದ ಕಂಡವರಿರಲಿಲ್ಲ. ಕಾರಣ ಇಂದಿಗೂ ಖಚಿತವಾಗಿಲ್ಲ.

ಸರಿಯಾಗಿ ಒಂದು ವರ್ಷ ಹಿಂದೆ, 1985ರ ಮೇ 2ರಂದು, ಇದೇ ರ‍್ಯಾಲಿಯಲ್ಲಿ ಇಟಲಿಯ ಅತ್ತಿಲಿಯೊ ಬೆತ್ತೇಗಾ ತೀರಿಕೊಂಡಿದ್ದರು. ಅವರದೂ ಲ್ಯಾನ್ಸಿಯಾ. ಎರಡೂ ಕಾರುಗಳ ಸಂಖ್ಯೆ 4. ತಾರೀಖು, ಸಂಖ್ಯೆ ಹಿಡಿದು ಮಾತಾಡುವವರು ಅಲ್ಲಿಯೂ ಇದ್ದಾರೆ. ಆದರೆ ಸಂಖ್ಯೆ 4 ಯಾರನ್ನೂ ಕೊಲ್ಲುವುದಿಲ್ಲ. ಆಗಿನ 'ಗ್ರೂಪ್ ಬಿ' ಕಾರುಗಳಲ್ಲಿ ಕೆಲವು ಒಂದು ಟನ್ನಿಗಿಂತ ಕಡಿಮೆ ತೂಕಕ್ಕೆ 450ಕ್ಕೂ ಮಿಕ್ಕ ಅಶ್ವಶಕ್ತಿ ಹೊತ್ತಿದ್ದವು. ಈ ರಸ್ತೆಗೆ ಈ ಕಾರುಗಳ ವೇಗ ಅತಿಯಾಯಿತು ಎಂಬ ಅರ್ಥದಲ್ಲಿ ತೊಯ್ವೊನೆನ್ ಅವರೇ ಅದೇ ರ‍್ಯಾಲಿಯಲ್ಲಿ ಮಾತಾಡಿದ್ದರು. ಮೈಯಲ್ಲಿ ಹುಷಾರೂ ಇರಲಿಲ್ಲ. ಯಂತ್ರ ಬೆಳೆದಿತ್ತು, ಘರ್ಷಣೆ ಬೆಳೆದಿರಲಿಲ್ಲ. ಅಪಘಾತವಾದ ಕೆಲವೇ ಗಂಟೆಗಳಲ್ಲಿ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ, 1987ರಿಂದ ಆ ಕಾರುಗಳಿಗೆ ನಿಷೇಧ ಎಂದು ಸಾರಿತು.

ನಾನು ಪಾಠ ಹೇಳುವುದು ಘಟ್ಟದ ಬುಡದ ಊರೊಂದರಲ್ಲಿ. ಜೂನ್‌ನಲ್ಲಿ ಹಾಜರಿ ಕೂಗುವಾಗ, ಮಾರ್ಚ್‌ನಲ್ಲಿದ್ದ ಹೆಸರೊಂದನ್ನು ಬಿಟ್ಟು ಮುಂದಿನ ಹೆಸರಿಗೆ ಹೋಗಬೇಕಾದ ವರ್ಷಗಳು ನನ್ನ ಪಾಲಿಗೂ ಬಂದಿವೆ. ಅಪ್ಪನ ಬೈಕು, ಮಳೆಯ ರಸ್ತೆ, ಹದಿನಾರರ ವಯಸ್ಸು. ಆ ಶಿಲೆಯ ಮುಂದೆ ನಿಂತಾಗ ನೆನಪಾದದ್ದು ಆ ಹೆಸರುಗಳೇ.

ಬೀಗದ ಕೈ ಕೊಡುವ ತಂದೆತಾಯಿಯರೂ ಪಡೆಯುವ ಮಕ್ಕಳೂ ಒಂದು ಮಾತು ಯೋಚಿಸಬೇಕು. ರ‍್ಯಾಲಿಯವರಿಗೆ ಮುಚ್ಚಿದ ರಸ್ತೆ ಇದೆ, ಉಕ್ಕಿನ ಪಂಜರ ಇದೆ, ಮುಂದಿನ ತಿರುವನ್ನು ಓದಿ ಹೇಳುವ ಗೆಳೆಯನಿದ್ದಾನೆ. ನಮಗೆ ಇವು ಯಾವುವೂ ಇಲ್ಲ. ತಿರುವಿನಾಚೆ ಲಾರಿಯಿದೆಯೋ ಎಮ್ಮೆಯಿದೆಯೋ ಹೇಳುವವರಿಲ್ಲ. ಟಿಪ್ಪಣಿ ಇಲ್ಲದವನಿಗೆ ಉಳಿಯುವುದು ಒಂದೇ ಉಪಾಯ: ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗುವ ವೇಗ.

ಇದನ್ನು ಆ ಚಾಲಕರೂ ಬಲ್ಲರು. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಅವರು ಹೋಗುವುದು ಎಲ್ಲರಂತೆ ತೆರೆದ ರಸ್ತೆಯಲ್ಲೇ. ಕಾರಿಗೆ ನಂಬರ್ ಪ್ಲೇಟ್ ಉಂಟು, ವೇಗ ಮೀರಿದರೆ ದಂಡವೂ ಉಂಟು. ಶನಿವಾರ ಸಂಜೆ ಬಾಸ್ತಿಯಾದ ಹೊರವಲಯದಲ್ಲಿ ಮೈತುಂಬ ಕೆಸರು ಮೆತ್ತಿಕೊಂಡ ರ‍್ಯಾಲಿ ಕಾರೊಂದು ಪಾದಚಾರಿ ಪಟ್ಟಿಯ ಮುಂದೆ ನಿಂತಿತ್ತು. ಬ್ರೆಡ್ಡಿನ ಚೀಲ ಹಿಡಿದ ಅಜ್ಜಿಯೊಬ್ಬರು ಅವಸರವಿಲ್ಲದೆ ರಸ್ತೆ ದಾಟುತ್ತಿದ್ದರು. ಅವರು ಆಚೆ ದಡದ ಕಲ್ಲಿನ ಮೇಲೆ ಕಾಲಿಡುವವರೆಗೂ ಆ ಕಾರು ಮಿಸುಕಲಿಲ್ಲ.